ರಿಲೀಫ್ ಪಿಚರ್‌ನ ಬೆಲೆ ಕಟ್ಟುವುದು ಹೇಗೆ? ಸೇವ್ ಬದಿಗಿಡಿ, ಬೇಸ್‌ಗಳತ್ತ ನೋಡಿ

ಬೇಸ್‌ಬಾಲ್ ಬಲ್ಲವರ ಜೊತೆ ಹರಟೆಗೆ ಕುಳಿತರೆ ಬ್ಯಾಟರ್‌ಗಳ ಬಗ್ಗೆ ತೂಕದ ಮಾತೇ ಬರುತ್ತದೆ. ಆರಂಭಿಕ ಪಿಚರ್‌ಗಳ, ಅಂದರೆ ಪಂದ್ಯದ ಮೊದಲಿಗೆ ಚೆಂಡು ಎಸೆಯುವವರ ಬಗ್ಗೆಯೂ ಪರವಾಗಿಲ್ಲ. ಆದರೆ ಮಾತು ರಿಲೀಫ್ ಪಿಚರ್‌ಗಳ ಕಡೆಗೆ, ಅಂದರೆ ಆರಂಭಿಕ ಪಿಚರ್ ದಣಿದ ಮೇಲೆ ಇಳಿದು ಉಳಿದ ಆಟ ಸಾಗಿಸುವವರ ಕಡೆಗೆ ಹೊರಳಿತೋ, ಲೆಕ್ಕ ಹಳಿ ತಪ್ಪುತ್ತದೆ. ‘ಅವನ ಹೆಸರಿನಲ್ಲಿ 40 ಸೇವ್ ಇವೆ, ಇವನದು ಬರೀ 2’ ಎಂಬಲ್ಲಿಗೆ ವಿಚಾರಣೆ ಮುಗಿಯುತ್ತದೆ. ಹಲವು ವರ್ಷ ನಾನೂ ಇಂಥ ತೀರ್ಪು ಕೊಟ್ಟವನೇ. ಅಮೆರಿಕದ ಮೇಜರ್ ಲೀಗ್ ನೋಡುವವರು ಇದೇ ಗುಂಡಿಗೆ ಮತ್ತೆ ಮತ್ತೆ ಬೀಳುವುದನ್ನು ಕಂಡು ಈ ಬರಹ.

ಮೊದಲ ಹೆಜ್ಜೆ: ಸೇವ್ ಅಂಕಣವನ್ನು ಕೈಯಿಂದ ಮುಚ್ಚಿಕೊಳ್ಳಿ. ಷಿಕಾಗೊದ ಕ್ರೀಡಾ ಬರಹಗಾರ ಜೆರೋಮ್ ಹೋಲ್ಟ್ಜ್‌ಮನ್ ರೂಪಿಸಿದ ಈ ಲೆಕ್ಕಕ್ಕೆ 1969ರಲ್ಲಿ ಅಧಿಕೃತ ಮುದ್ರೆ ಬಿತ್ತು. ಸಾಮಾನ್ಯವಾಗಿ ಮೂರು ಅಥವಾ ಅದಕ್ಕಿಂತ ಕಡಿಮೆ ರನ್ ಮುನ್ನಡೆ ಇರುವಾಗ ಬಂದು, ಕನಿಷ್ಠ ಒಂದು ಇನಿಂಗ್ಸ್ (ಪಂದ್ಯಕ್ಕೆ ಒಂಬತ್ತು ಇನಿಂಗ್ಸ್, ಒಂದೊಂದರಲ್ಲೂ ತಂಡಕ್ಕೆ ಮೂರು ಔಟ್) ಎಸೆದು, ಪಂದ್ಯ ಮುಗಿಸಿದವನಿಗೆ ಸೇವ್ ಸಿಗುತ್ತದೆ. ಮೂರು ರನ್ ಮುನ್ನಡೆಯಲ್ಲಿ ಬಂದು ಎರಡು ರನ್ ಬಿಟ್ಟುಕೊಟ್ಟರೂ ಸೇವ್ ಸೇವೇ. ಕ್ರಿಕೆಟ್‌ನಲ್ಲಿ ಕೊನೆಯ ಓವರ್‌ಗೆ 30 ರನ್ ಬೇಕಿದ್ದಾಗ 24 ಚಚ್ಚಿಸಿಕೊಂಡ ಬೌಲರ್‌ಗೆ ಪದಕ ತೊಡಿಸಿದ ಹಾಗೆ. 2007ರಲ್ಲಿ ಕ್ಲೀವ್‌ಲ್ಯಾಂಡ್‌ನ ಜೋ ಬೊರೊವ್‌ಸ್ಕಿ 45 ಸೇವ್ ಗಳಿಸಿ ಅಮೆರಿಕನ್ ಲೀಗ್‌ಗೇ ಮೊದಲಿಗರಾದರು. ಆ ವರ್ಷ ಅವರ ಇಆರ್‌ಎ (ಒಂಬತ್ತು ಇನಿಂಗ್ಸ್‌ಗೆ ಕೊಟ್ಟ ರನ್, ಕಡಿಮೆಯಿದ್ದಷ್ಟೂ ಒಳ್ಳೆಯದು) 5.07, ಅಂದರೆ ಕಳಪೆ. ಒಂಬತ್ತನೇ ಇನಿಂಗ್ಸ್‌ಗೆ ಯಾರನ್ನು ಕಳುಹಿಸಬೇಕೆಂದು ಮ್ಯಾನೇಜರ್ ತೀರ್ಮಾನಿಸಿದ್ದರು ಎಂಬುದಷ್ಟೇ ಸೇವ್‌ನಿಂದ ತಿಳಿಯುವ ಸಂಗತಿ.

(ಫ್ಯಾಂಟಸಿ ಲೀಗ್ ಆಡುವವರು ಇಲ್ಲಿಗೇ ನಿಲ್ಲಬಹುದು. ಅಲ್ಲಿ ಸೇವ್‌ಗೇ ಅಂಕ ಇರುವುದರಿಂದ ನನ್ನ ಸಲಹೆ ಕೇಳಿದರೆ ಸೋಲುತ್ತೀರಿ.)

ಎರಡನೆಯದು ಇಆರ್‌ಎ, ಅಂದರೆ ಒಂಬತ್ತು ಇನಿಂಗ್ಸ್‌ಗೆ ಎಷ್ಟು ರನ್ ಪಿಚರ್‌ನ ಲೆಕ್ಕಕ್ಕೆ ಬಿದ್ದವು ಎಂಬ ಸರಾಸರಿ. ಹೆಚ್ಚಿನವರು ಮುಗ್ಗರಿಸುವುದು ಇಲ್ಲಿಯೇ. ಆದ್ದರಿಂದ ನಿಧಾನವಾಗಿ ನೋಡೋಣ.

ರಿಲೀವರ್ ಒಬ್ಬ ಇಡೀ ಸೀಸನ್‌ನಲ್ಲಿ ಎಸೆಯುವುದು 60-70 ಇನಿಂಗ್ಸ್. 60 ಇನಿಂಗ್ಸ್‌ನಲ್ಲಿ 15 ರನ್ ಕೊಟ್ಟವನ ಇಆರ್‌ಎ 2.25. ಅದೇ ಮನುಷ್ಯ ಒಂದು ಕೆಟ್ಟ ರಾತ್ರಿ ಒಬ್ಬನನ್ನು ಮಾತ್ರ ಔಟ್ ಮಾಡಿ ಐದು ರನ್ ಕೊಟ್ಟನೆನ್ನಿ, ಇಆರ್‌ಎ 2.98ಕ್ಕೆ ಜಿಗಿಯುತ್ತದೆ. ಆರು ತಿಂಗಳ ದುಡಿಮೆಯ ಚಿತ್ರವನ್ನು ಹತ್ತು ನಿಮಿಷ ಬದಲಿಸಿಬಿಡುತ್ತದೆ.

ಇನ್ನೂ ದೊಡ್ಡ ಮೋಸ ಬೇಸ್‌ಗಳ ಮೇಲಿದೆ. ಬ್ಯಾಟರ್ ಮೂರು ಬೇಸ್ ದಾಟಿ ಹೋಮ್‌ಗೆ, ಅಂದರೆ ಹೊರಟ ಜಾಗಕ್ಕೆ ಮರಳಿದರೆ ಒಂದು ರನ್. ಹಿಂದಿನ ಪಿಚರ್ ಬಿಟ್ಟುಹೋದ ಓಟಗಾರ ಹೋಮ್ ತಲುಪಿದರೆ ಆ ರನ್ ಹೊಸಬನ ತಲೆಗಲ್ಲ, ಹೋದವನ ತಲೆಗೆ. ಒಬ್ಬ ರಿಲೀವರ್ ಬರುವಾಗ ಮೂರೂ ಬೇಸ್ ತುಂಬಿವೆ, ಒಂದೂ ಔಟ್ ಆಗಿಲ್ಲ ಎಂದುಕೊಳ್ಳಿ. ಇಂಥ ಇಕ್ಕಟ್ಟಿನಿಂದ ಸರಾಸರಿ ಎರಡಕ್ಕೂ ಹೆಚ್ಚು ರನ್ ಬರುತ್ತವೆ. ಇವನು ಒಂದೇ ರನ್ ಬಿಟ್ಟು ಮೂವರನ್ನೂ ಔಟ್ ಮಾಡಿದರೆ ತಂಡಕ್ಕೆ ಒಂದಕ್ಕಿಂತ ಹೆಚ್ಚು ರನ್ ಉಳಿಯಿತು. ಇನ್ನೊಬ್ಬ ಬರುವಾಗ ಬೇಸ್‌ಗಳು ತುಂಬಿವೆ, ಆದರೆ ಎರಡು ಔಟ್ ಆಗಿವೆ. ಅವನು ಡಬಲ್ (ಬ್ಯಾಟರ್‌ನನ್ನು ಎರಡನೇ ಬೇಸ್ ಮುಟ್ಟಿಸುವ ಹೊಡೆತ) ಹೊಡೆಸಿಕೊಂಡು ಮೂವರನ್ನೂ ಹೋಮ್‌ಗೆ ಓಡಿಸಿ, ಮುಂದಿನವನನ್ನು ಔಟ್ ಮಾಡುತ್ತಾನೆ. ಪಂದ್ಯ ಕೈಬಿಟ್ಟಿತು. ಇಆರ್‌ಎ ಪುಸ್ತಕದಲ್ಲಿ ಮಾತ್ರ ಆ ರಾತ್ರಿ ಇಬ್ಬರದೂ ಒಂದೇ ಸಾಲು: ಸೊನ್ನೆ ರನ್. ಬೆಂಕಿ ಆರಿಸಿದವನಿಗೂ ಎಣ್ಣೆ ಸುರಿದವನಿಗೂ ಒಂದೇ ಪ್ರಮಾಣಪತ್ರ!

ಇದಕ್ಕೆ ಮದ್ದು ಅಂಕಿಅಂಶದ ಪಟ್ಟಿಯಲ್ಲೇ ಇದೆ. ಐಆರ್ ಅಂಕಣ ಅವನು ಬಂದಾಗ ಬೇಸ್ ಮೇಲೆ ಎಷ್ಟು ಮಂದಿ ಇದ್ದರು ಎನ್ನುತ್ತದೆ, ಐಎಸ್ ಅವರಲ್ಲಿ ಎಷ್ಟು ಮಂದಿ ರನ್ ಗಳಿಸಿದರು ಎನ್ನುತ್ತದೆ. ಸಾಮಾನ್ಯವಾಗಿ ಮೂವರಲ್ಲಿ ಒಬ್ಬನಷ್ಟು ಹೋಮ್ ತಲುಪುತ್ತಾನೆ. ಐವತ್ತರಲ್ಲಿ ಹತ್ತನ್ನಷ್ಟೇ ಬಿಟ್ಟವನನ್ನು ಗುರುತಿಸಿಟ್ಟುಕೊಳ್ಳಿ, ಆದರೆ ಅದೊಂದನ್ನೇ ನೆಚ್ಚಬೇಡಿ: ಮೂರನೇ ಬೇಸ್‌ನಲ್ಲಿ ಔಟ್ ಇಲ್ಲದೆ ನಿಂತವನೂ ಮೊದಲ ಬೇಸ್‌ನಲ್ಲಿ ಎರಡು ಔಟ್‌ಗೆ ನಿಂತವನೂ ಈ ಅಂಕಣದಲ್ಲಿ ಸಮಾನರು. 2020ರಿಂದ ಇನ್ನೊಂದು ತೊಡಕು ಸೇರಿದೆ. ಲೀಗ್ ಹಂತದ ಪಂದ್ಯಗಳಲ್ಲಿ ಹೆಚ್ಚುವರಿ ಇನಿಂಗ್ಸ್‌ಗಳು ಎರಡನೇ ಬೇಸ್‌ನಲ್ಲಿ ಓಟಗಾರನನ್ನು ನಿಲ್ಲಿಸಿಯೇ ಶುರುವಾಗುತ್ತವೆ, ಅವನು ಗಳಿಸಿದ ರನ್ ಯಾವ ಪಿಚರ್‌ನ ಇಆರ್‌ಎಗೂ ಸೇರುವುದಿಲ್ಲ.

ಮೂರನೆಯದು ಸುಲಭ, ಮತ್ತು ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು. ಎದುರಿಸಿದ ಬ್ಯಾಟರ್‌ಗಳಲ್ಲಿ ಶೇಕಡಾ ಎಷ್ಟು ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗೆ ಔಟ್), ಶೇಕಡಾ ಎಷ್ಟು ವಾಕ್ (ನಾಲ್ಕು ಕೆಟ್ಟ ಎಸೆತಕ್ಕೆ ಪುಕ್ಕಟೆ ಮೊದಲ ಬೇಸ್) ಎಂದು ನೋಡಿ, ಮೊದಲನೆಯದರಿಂದ ಎರಡನೆಯದನ್ನು ಕಳೆಯಿರಿ. ಉತ್ತರ 20 ದಾಟಿದರೆ ಆ ಪಿಚರ್ ನನ್ನ ತಂಡದಲ್ಲಿರಲಿ. 10ಕ್ಕಿಂತ ಕೆಳಗಿದ್ದರೆ ಅವನ ಇಆರ್‌ಎ ಎಷ್ಟೇ ಹೊಳೆಯುತ್ತಿರಲಿ, ನಾನು ನಂಬುವುದಿಲ್ಲ. ಟಿವಿಯವರು ತೋರಿಸುವ ‘ಒಂಬತ್ತು ಇನಿಂಗ್ಸ್‌ಗೆ ಇಷ್ಟು ಸ್ಟ್ರೈಕ್‌ಔಟ್’ ಎಂಬ ಲೆಕ್ಕ ಬೇಡ. ಹೊಡೆಸಿಕೊಳ್ಳುವವನು ಒಂದು ಇನಿಂಗ್ಸ್‌ನಲ್ಲಿ ಹೆಚ್ಚು ಬ್ಯಾಟರ್‌ಗಳನ್ನು ಎದುರಿಸುತ್ತಾನೆ, ಹಾಗಾಗಿ ಸ್ಟ್ರೈಕ್‌ಔಟ್‌ಗೆ ಅವನಿಗೇ ಹೆಚ್ಚು ಅವಕಾಶ. ಗಂಟೆಗೆ ನೂರು ಮೈಲಿ ವೇಗ ಕಂಡು ಮರುಳಾಗುವುದೂ ಇಂಥದ್ದೇ ಅಡ್ಡದಾರಿ. ಇನ್ನು ಕ್ಲೋಸರ್‌ಗಳಿಗೆ, ಅಂದರೆ ಪಂದ್ಯ ಮುಗಿಸಲು ಬರುವ ರಿಲೀವರ್‌ಗಳಿಗೆ ‘ಕ್ಲೋಸರ್ ರೇಟಿಂಗ್’ ಎಂದು ಒಂದೇ ಅಂಕ ಕೊಡುವ ಒಂದು ಆ್ಯಪ್‌ಗೆ ಒಂದು ಸೀಸನ್ ಹಣ ಕಟ್ಟಿದ್ದೆ. ಅದು ಸೇವ್‌ಗಳನ್ನೇ ಬಣ್ಣ ಬಳಿದು ಕೊಡುತ್ತಿತ್ತು.

ಈ ಹೆಜ್ಜೆ ಎಷ್ಟು ಗಟ್ಟಿ ಎಂಬುದಕ್ಕೆ ರಿಲೀವರ್ ಎಡ್ವಿನ್ ಡಿಯಾಜ್ ಸಾಕ್ಷಿ. 2018ರಲ್ಲಿ ಸಿಯಾಟಲ್‌ಗೆ 57 ಸೇವ್, ಇಆರ್‌ಎ 1.96. ಮರುವರ್ಷ ನ್ಯೂಯಾರ್ಕ್ ಮೆಟ್ಸ್ ಸೇರಿದರು, ಇಆರ್‌ಎ 5.59. ಮುಗಿದ ಕಥೆ ಎಂದು ಹಲವರು ಕೈ ತೊಳೆದುಕೊಂಡರು. ಆದರೆ ಆ ಕೆಟ್ಟ ವರ್ಷದ 58 ಇನಿಂಗ್ಸ್‌ನಲ್ಲೂ 99 ಸ್ಟ್ರೈಕ್‌ಔಟ್ ಇದ್ದವು. ಹೊಡೆತ ಬಿದ್ದದ್ದು 15 ಹೋಮ್ ರನ್‌ಗಳಿಂದ, ಅಂದರೆ ಬ್ಯಾಟರ್ ಒಂದೇ ಹೊಡೆತಕ್ಕೆ ಎಲ್ಲ ಬೇಸ್ ಸುತ್ತಿ ಬರುವ ಹೊಡೆತಗಳಿಂದ. ಇಷ್ಟು ಕಡಿಮೆ ಇನಿಂಗ್ಸ್‌ನಲ್ಲಿ ಹೋಮ್ ರನ್ ಸಂಖ್ಯೆಯಷ್ಟು ಚಂಚಲವಾದದ್ದು ಬೇರೊಂದಿಲ್ಲ. 2022ರಲ್ಲಿ ಅವರು 62 ಇನಿಂಗ್ಸ್‌ಗೆ 118 ಸ್ಟ್ರೈಕ್‌ಔಟ್ ಮಾಡಿದರು, ಇಆರ್‌ಎ 1.31.

ದಂತಕಥೆಯಾದ ರಿಲೀವರ್ ಮರಿಯಾನೊ ರಿವೇರಾ ಈ ಸೂತ್ರಕ್ಕೆ ಅಷ್ಟಾಗಿ ದಕ್ಕುವವರಲ್ಲ. ಕೊನೆಗಳಿಗೆಯಲ್ಲಿ ಪಕ್ಕಕ್ಕೆ ಹೊರಳುವ ಅವರ ಕಟರ್ ಎಸೆತ ಬ್ಯಾಟರ್‌ಗಳನ್ನು ಸ್ಟ್ರೈಕ್‌ಔಟ್ ಮಾಡುವ ಬದಲು ಬ್ಯಾಟುಗಳನ್ನೇ ಮುರಿಯುತ್ತಿತ್ತು. ಆದರೆ ಅವರು 2.21 ಇಆರ್‌ಎ ಕಾಯ್ದುಕೊಂಡದ್ದು 1,283 ಇನಿಂಗ್ಸ್‌ಗಳ ಉದ್ದಕ್ಕೆ. ನಿಮ್ಮ ಮೆಚ್ಚಿನ ಪಿಚರ್ ‘ಇನ್ನೊಬ್ಬ ರಿವೇರಾ’ ಎನ್ನುವ ಮುನ್ನ ಅವನು ಎಷ್ಟು ಇನಿಂಗ್ಸ್ ಎಸೆದಿದ್ದಾನೆ ನೋಡಿ.

ನಾಲ್ಕನೆಯದು: ಅವನನ್ನು ಕರೆದದ್ದು ಯಾವಾಗ? ಗಳಿಗೆಯ ತೂಕ ಅಳೆಯಲು ಲೆವರೇಜ್ ಇಂಡೆಕ್ಸ್ ಇದೆ. ಸರಾಸರಿ ಗಳಿಗೆಗೆ 1. ಸಮಬಲದ ಒಂಬತ್ತನೇ ಇನಿಂಗ್ಸ್‌ಗೆ 2ಕ್ಕೂ ಮೇಲೆ. ಆರು ರನ್ ಮುನ್ನಡೆಗೆ ಹೆಚ್ಚುಕಡಿಮೆ ಸೊನ್ನೆ. ಮೂರು ರನ್ ಮುನ್ನಡೆಯೊಂದಿಗೆ ಒಂಬತ್ತನೇ ಇನಿಂಗ್ಸ್‌ಗೆ ಬಂದ ತಂಡ ನೂರರಲ್ಲಿ 95ಕ್ಕೂ ಹೆಚ್ಚು ಬಾರಿ ಗೆಲ್ಲುತ್ತದೆ. ಅಲ್ಲಿಗೆ ತಂಡದ ಅತ್ಯುತ್ತಮ ರಿಲೀವರ್‌ನನ್ನು ಕಳುಹಿಸುವುದು ದುಂದುವೆಚ್ಚ.

2016ರ ಅಕ್ಟೋಬರ್ 4ರಂದು ಟೊರಾಂಟೊದಲ್ಲಿ ಇದಕ್ಕೆ ತದ್ವಿರುದ್ಧವಾದ ತಪ್ಪು ನಡೆಯಿತು. ಬಾಲ್ಟಿಮೋರ್‌ನ ಜಾಕ್ ಬ್ರಿಟನ್ ಆ ಸೀಸನ್‌ನಲ್ಲಿ 47ಕ್ಕೆ 47 ಸೇವ್ ಗಳಿಸಿದ್ದರು, ಇಆರ್‌ಎ 0.54. ಸೋತರೆ ಮನೆಗೆ ಹೋಗುವ ಪಂದ್ಯ ಸಮಬಲದಲ್ಲಿ 11ನೇ ಇನಿಂಗ್ಸ್‌ಗೆ ಎಳೆಯಿತು. ಮ್ಯಾನೇಜರ್ ಬಕ್ ಶೋವಾಲ್ಟರ್ ಮುನ್ನಡೆ ಸಿಗಲಿ ಎಂದು ಬ್ರಿಟನ್ ಅವರನ್ನು ಉಳಿಸಿಕೊಂಡೇ ಇದ್ದರು. ಉಬಾಲ್ಡೊ ಹಿಮೆನೆಸ್ ಎಸೆತಕ್ಕೆ ಎಡ್ವಿನ್ ಎನ್‌ಕಾರ್ನಾಸಿಯಾನ್ ಮೂರು ರನ್‌ಗಳ ಹೋಮ್ ರನ್ ಬಾರಿಸಿದರು. ಬ್ರಿಟನ್ ಒಂದು ಚೆಂಡನ್ನೂ ಎಸೆಯಲಿಲ್ಲ. ಅದೇ ತಿಂಗಳು ಕ್ಲೀವ್‌ಲ್ಯಾಂಡ್‌ನ ಮ್ಯಾನೇಜರ್ ಟೆರಿ ಫ್ರಾಂಕೋನಾ ತಮ್ಮ ತಂಡದ ರಿಲೀವರ್ ಆ್ಯಂಡ್ರ್ಯೂ ಮಿಲ್ಲರ್ ಅವರನ್ನು ಐದನೇ ಇನಿಂಗ್ಸ್‌ನಲ್ಲೇ ಇಳಿಸಲು ಹಿಂಜರಿಯಲಿಲ್ಲ. ಮಿಲ್ಲರ್ ಅಮೆರಿಕನ್ ಲೀಗ್ ಚಾಂಪಿಯನ್‌ಷಿಪ್ ಸರಣಿಯ ಶ್ರೇಷ್ಠ ಆಟಗಾರರಾದರು.

ಲೆವರೇಜ್ ಅನ್ನು ಪೂರ್ತಿಯಾಗಿ ಪಿಚರ್‌ನ ಖಾತೆಗೆ ಬರೆಯಬೇಡಿ. ಅವನು ಗಾಯಗೊಂಡರೆ ಆ ಬಿಗಿ ಗಳಿಗೆಗೆ ಬರುವವನು ಕಿರಿಯರ ಲೀಗ್‌ನ ಹುಡುಗನಲ್ಲ, ಅದೇ ತಂಡದ ಎರಡನೇ ಉತ್ತಮ ರಿಲೀವರ್. ಉಳಿದವರೂ ಒಂದೊಂದು ಮೆಟ್ಟಿಲು ಮೇಲೇರುತ್ತಾರೆ. ಹೀಗಾಗಿ ಲೆವರೇಜ್ 2 ಇದ್ದರೆ ಅವನ ಕೆಲಸದ ಬೆಲೆಯನ್ನು 2ರಿಂದಲ್ಲ, 1ಕ್ಕೂ 2ಕ್ಕೂ ನಡುವಿನ 1.5ರಿಂದ ಗುಣಿಸುವುದು ರೂಢಿ.

ಕೊನೆಗೆ, ಒಂದು ವರ್ಷದ ಲೆಕ್ಕ ನೋಡಿ ಬೆಲೆ ಕಟ್ಟಬೇಡಿ. ಮೂರು ವರ್ಷ ಒಟ್ಟು ಸೇರಿಸಿ. ಎಡಗೈ, ಬಲಗೈ ಬ್ಯಾಟರ್‌ಗಳ ವಿರುದ್ಧದ ಅಂಕಿಗಳನ್ನೂ ಬೇರೆಬೇರೆಯಾಗಿ ನೋಡಿ. 2020ರಿಂದ ರಿಲೀವರ್ ಇನಿಂಗ್ಸ್ ಮುಗಿಯದ ಹೊರತು ಕನಿಷ್ಠ ಮೂವರು ಬ್ಯಾಟರ್‌ಗಳನ್ನು ಎದುರಿಸಲೇಬೇಕು. ಒಬ್ಬನಿಗಷ್ಟೇ ಎಸೆದು ಹೋಗುತ್ತಿದ್ದ ಎಡಗೈ ತಜ್ಞರ ಕಾಲ ಅಲ್ಲಿಗೆ ಮುಗಿಯಿತು.

ದೀರ್ಘ ಒಪ್ಪಂದವನ್ನಂತೂ ನಾನು ಯಾವ ರಿಲೀವರ್‌ಗೂ ಕೊಡುವುದಿಲ್ಲ. 2022ರ ಆ ಸೀಸನ್ ಮುಗಿದ ಮೇಲೆ ಮೆಟ್ಸ್ ಡಿಯಾಜ್ ಅವರಿಗೆ 5 ವರ್ಷಕ್ಕೆ 10.2 ಕೋಟಿ ಡಾಲರ್ ಕೊಟ್ಟಿತು. ಮುಂದಿನ ಮಾರ್ಚ್‌ನಲ್ಲಿ ದೇಶಗಳ ನಡುವಿನ ಟೂರ್ನಿಯಾದ ವರ್ಲ್ಡ್ ಬೇಸ್‌ಬಾಲ್ ಕ್ಲಾಸಿಕ್‌ನ ಪಂದ್ಯವೊಂದನ್ನು ಗೆದ್ದ ಸಂಭ್ರಮದಲ್ಲಿ ಕುಣಿಯುವಾಗ ಅವರ ಮೊಣಕಾಲಿಗೆ ಪೆಟ್ಟಾಯಿತು. ಒಪ್ಪಂದದ ಮೊದಲ ವರ್ಷ ಅವರು ತಂಡಕ್ಕಾಗಿ ಒಂದೂ ಚೆಂಡು ಎಸೆಯದೆ ಕಳೆಯಿತು.