ಲ್ಯಾಪ್‌ಟಾಪ್ ಪ್ರೊಸೆಸರ್ ಆರಿಸುವ ಮುನ್ನ ಪೂರ್ತಿ ಹೆಸರನ್ನು ಓದಿ

ಹೊಸ ಲ್ಯಾಪ್‌ಟಾಪ್ ಕೊಳ್ಳಲು ಹೊರಟವರು ಪ್ರೊಸೆಸರಿನ (ಲೆಕ್ಕಾಚಾರ ನಡೆಸುವ ಮುಖ್ಯ ಚಿಪ್‌ನ) ಐ5, ಐ7 ಎಂಬ ಗುರುತನ್ನಷ್ಟೇ ನೋಡಿ ನಿರ್ಧರಿಸಬಾರದೆಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ಇಂಟೆಲ್‌ನ ಐ7-1355ಯು ಪ್ರೊಸೆಸರಿನಲ್ಲಿ ವೇಗದ ಕೋರ್‌ಗಳು (ಕೆಲಸ ಮಾಡುವ ಘಟಕಗಳು) ಎರಡೇ, ವಿದ್ಯುತ್ ಉಳಿಸುವ ಕೋರ್‌ಗಳು ಎಂಟು. ಅದರ ಮೂಲ ವಿದ್ಯುತ್ ಪ್ರಮಾಣ, ಅಂದರೆ ಸತತ ಕೆಲಸದಲ್ಲಿ ಬಳಸಲು ನಿಗದಿಯಾದ ವಿದ್ಯುತ್, 15 ವ್ಯಾಟ್. ಅದೇ ಪೀಳಿಗೆಯ ಐ5-13500ಎಚ್‌ನಲ್ಲಿ ವೇಗದ ಕೋರ್‌ಗಳು ನಾಲ್ಕಿದ್ದು, ಮೂಲ ಪ್ರಮಾಣವೂ 45 ವ್ಯಾಟ್ ಆಗಿರುವುದರಿಂದ, ವಿಡಿಯೊ ಸಂಕಲನದಂತಹ ದೀರ್ಘ ಕೆಲಸದಲ್ಲಿ ಹೆಸರಿಗೆ ಚಿಕ್ಕದಾದ ಇದೇ ಸಾಮಾನ್ಯವಾಗಿ ಮುಂದಿರುತ್ತದೆ. ಬರವಣಿಗೆ, ಬ್ರೌಸಿಂಗ್ ಮಾತ್ರ ಮಾಡುವವರಿಗೆ ಹೆಸರಿನ ಕೊನೆಯಲ್ಲಿ ‘ಯು’ ಇರುವ ಸರಣಿಯೇ ಸಾಕು.

ಇಂಟೆಲ್‌ನ ಪ್ರತಿಸ್ಪರ್ಧಿ ಕಂಪನಿ ಎಎಂಡಿಯ 7000 ಸರಣಿಯ ಲ್ಯಾಪ್‌ಟಾಪ್ ಪ್ರೊಸೆಸರುಗಳಲ್ಲಿ, ಒಳಗಿನ ವಿನ್ಯಾಸ ಯಾವುದೆಂದು ಹೇಳುವ ಮೂರನೆಯ ಅಂಕಿಯೇ ಮುಖ್ಯ. ರೈಜೆನ್ 5 7520ಯು ಮತ್ತು 7540ಯು ನೋಡಲು ಅವಳಿಗಳಂತಿದ್ದರೂ, ಮೊದಲನೆಯದು 2019ರಲ್ಲಿ ಬಂದ ಝೆನ್ 2 ವಿನ್ಯಾಸದ ನಾಲ್ಕು ಕೋರ್‌ಗಳದ್ದು, ಎರಡನೆಯದು ಝೆನ್ 4 ವಿನ್ಯಾಸದ ಆರು ಕೋರ್‌ಗಳದ್ದು. ಹೊಸ ಸಂಖ್ಯೆಯೊಳಗೆ ಹಳೆಯ ವಿನ್ಯಾಸವಿರುವುದು ಗ್ರಾಹಕರಿಗೆ ನ್ಯಾಯವಲ್ಲ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಒಂದೇ ಪ್ರೊಸೆಸರ್ ತೆಳು ಲ್ಯಾಪ್‌ಟಾಪಿನಲ್ಲಿ ಬೇಗ ಬಿಸಿಯಾಗಿ ವೇಗ ತಗ್ಗಿಸಿಕೊಳ್ಳಬಹುದು. ಆದ್ದರಿಂದ ಪ್ರೊಸೆಸರಿನ ಅಂಕಗಳನ್ನಲ್ಲದೆ, ನೀವು ಕೊಳ್ಳಲಿರುವ ಮಾದರಿಯನ್ನೇ ಅರ್ಧ ಗಂಟೆಯಾದರೂ ದುಡಿಸಿ, ಚಾರ್ಜರ್ ಇದ್ದಾಗಲೂ ಇಲ್ಲದಾಗಲೂ ವೇಗ ಅಳೆದಿರುವ ಪರೀಕ್ಷೆಯ ಫಲಿತಾಂಶವನ್ನು ಹುಡುಕಿ ನೋಡಿ.