ಕ್ಯಾಂಪರ್ ಎಳೆಯುವಾಗ ಟ್ರಕ್ಕಿನ ಮೀಟರ್‌ಗಳು ಹಾರಾಡುತ್ತಿವೆಯೇ?

ಅಮೆರಿಕದಲ್ಲಿರುವ ಕನ್ನಡಿಗರಲ್ಲೂ ಬೇಸಿಗೆ ರಜೆಗೆ ಪಿಕಪ್ ಟ್ರಕ್ಕಿಗೆ ಕ್ಯಾಂಪರ್ (ಹಿಂದೆ ಎಳೆದೊಯ್ಯುವ ಗಾಡಿಮನೆ) ಕಟ್ಟಿಕೊಂಡು ಹೊರಡುವವರಿದ್ದಾರೆ. ಅರ್ಧ ದಾರಿಯಲ್ಲಿ ವೋಲ್ಟ್ ಮೀಟರ್ ಇಳಿಯುತ್ತದೆ. ಇಂಡಿಕೇಟರ್ ಹಾಕಿದರೆ ಬೇರೆ ಮುಳ್ಳುಗಳೂ ಅಲುಗುತ್ತವೆ. ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಬದಲಿಸಲು ಅವಸರ ಮಾಡಬೇಡಿ. ಇಂಥ ತೊಂದರೆಯ ಮೂಲ ತುಂಬಾ ಸಲ ತುಕ್ಕು ಹಿಡಿದ ಅರ್ಥಿಂಗ್ (ಕರೆಂಟ್ ಬ್ಯಾಟರಿಗೆ ವಾಪಸ್ ಬರುವ ದಾರಿ) ಜೋಡಣೆಯಲ್ಲೇ ಇರುತ್ತದೆ.

ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಚಕ್ರಗಳಿಗೆ ಅಡ್ಡ ಕೊಡಿ. ಎಂಜಿನ್, ಲೈಟ್ ಎರಡೂ ಆನ್ ಇರಲಿ. ಈಗ ಟ್ರಕ್ಕಿನಿಂದ ಕ್ಯಾಂಪರ್‌ಗೆ ಕರೆಂಟ್ ಕೊಡುವ ಏಳು ಪಿನ್ನಿನ ಪ್ಲಗ್ ಕಳಚಿ. ಮುಳ್ಳುಗಳು ಇನ್ನೂ ಕುಣಿಯುತ್ತಿದ್ದರೆ ದೋಷ ಟ್ರಕ್ಕಿನದು. ಸುಮ್ಮನಾದರೆ ಕ್ಯಾಂಪರ್ ಕಡೆಯದು, ಇಲ್ಲವೇ ಕ್ಯಾಂಪರ್‌ನ ಹೊರೆ ಬಿದ್ದಾಗ ಮಾತ್ರ ಕಾಣುವ ಟ್ರಕ್ಕಿನ ದೋಷ. ಪ್ಲಗ್ ಕಳಚಿ ಮುಂದೆ ಹೋಗುವ ಯೋಚನೆ ಮಾತ್ರ ಬೇಡ. ಕ್ಯಾಂಪರ್‌ನ ಬ್ರೇಕೂ ಲೈಟೂ ಅದೇ ಪ್ಲಗ್‌ನಿಂದ ನಡೆಯುತ್ತವೆ.

ಮುಳ್ಳುಗಳನ್ನೂ ಗಮನಿಸಿ. ಒಂದೇ ಮುಳ್ಳು ಕೆಟ್ಟಾಡಿದರೆ ಅದರ ಸೆನ್ಸರ್ ಅಥವಾ ಅದರ ವೈರ್ ನೋಡಬೇಕು. ಎಲ್ಲವೂ ಒಟ್ಟಿಗೆ ಅಲುಗಿದರೆ ಸೆನ್ಸರ್‌ಗಳನ್ನು ಮುಟ್ಟಲೇಬೇಡಿ. ಎಲ್ಲ ಸೆನ್ಸರ್‌ಗಳೂ ಒಂದೇ ದಿನ ಹಾಳಾಗುತ್ತವೆಯೇ?

ಇನ್ನು ಅರ್ಥಿಂಗ್. ಪ್ಲಗ್‌ನ ಬಿಳಿ ವೈರ್ ಅದಕ್ಕಾಗಿಯೇ ಇರುವುದು. ಆದರೂ ಬಣ್ಣಕ್ಕಿಂತ ಪಿನ್ನಿನ ಜಾಗವನ್ನು ನಂಬಿ, ಎಲ್ಲ ಕಂಪನಿಗಳೂ ಒಂದೇ ಬಣ್ಣ ಬಳಸುವುದಿಲ್ಲ. ಈ ವೈರ್ ಸಡಿಲವಾದರೆ ಕ್ಯಾಂಪರ್‌ನ ಕರೆಂಟ್ ವಾಪಸ್ ಬರಲು ಕ್ಯಾಂಪರ್ ಸಿಕ್ಕಿಸುವ, ಗ್ರೀಸ್ ಮೆತ್ತಿದ ಕೊಂಡಿಯ ಗುಂಡನ್ನು ಹಿಡಿಯುತ್ತದೆ. ರಸ್ತೆಯ ಗುಂಡಿಗೆ ಗಾಡಿ ಕುಲುಕಿದಾಗಲೆಲ್ಲ ಆ ದಾರಿ ತಪ್ಪುತ್ತದೆ. ಎಡ ಇಂಡಿಕೇಟರ್ ಹಾಕಿದಾಗ ಹಿಂದಿನ ಎಲ್ಲ ದೀಪಗಳೂ ಮಂಕಾಗಿ ಮಿಣುಕುವುದಕ್ಕೆ ಇದೇ ಕಾರಣ.

ಪರೀಕ್ಷೆ ಸುಲಭ. ಪ್ಲಗ್ ಹಾಕಿ, ಒಂದೇ ಒಂದು ಜಂಪರ್ ಕೇಬಲ್‌ನಿಂದ ಕ್ಯಾಂಪರ್‌ನ ಚಾಸಿಗೂ ಟ್ರಕ್ಕಿನ ಚಾಸಿಗೂ (ಗಾಡಿಯ ಕೆಳಗಿನ ಲೋಹದ ಚೌಕಟ್ಟು) ಸಂಪರ್ಕ ಕೊಡಿ. ಬಣ್ಣವಿಲ್ಲದ ಬರಿ ಲೋಹಕ್ಕೇ ಕಚ್ಚಿಸಿ. ತೊಂದರೆ ನಿಂತರೆ ಬಿಳಿ ವೈರಿನ ಕಡೆಯೇ ದೋಷ. ಆ ವೈರಿನ ಬೋಲ್ಟ್ ಬಿಚ್ಚಿ, ಸ್ಯಾಂಡ್‌ಪೇಪರ್‌ನಿಂದ ಉಜ್ಜಿ, ಬಿಗಿ ಮಾಡಿ. ನಿಲ್ಲದಿದ್ದರೆ ಲೈಟ್ ಆನ್ ಇಟ್ಟೇ ಟ್ರಕ್ಕಿನ ಚಾಸಿ ಮತ್ತು ಬ್ಯಾಟರಿಯ ನೆಗೆಟಿವ್ ನಡುವೆ ಮಲ್ಟಿಮೀಟರ್ ಹಿಡಿಯಿರಿ. 0.2 ವೋಲ್ಟ್ ಒಳಗಿದ್ದರೆ ಸರಿ. 0.5 ದಾಟಿದರೆ ಬ್ಯಾಟರಿಯಿಂದ ಎಂಜಿನ್ನಿಗೂ ಬಾಡಿಗೂ ಹೋಗುವ ಅರ್ಥಿಂಗ್ ಪಟ್ಟಿಗಳನ್ನು ನೋಡಿ. ಖಾಲಿ ಟ್ರಕ್ಕಿನಲ್ಲಿ ಈ ದೋಷ ಗೊತ್ತೇ ಆಗದಿರಬಹುದು.

ವೋಲ್ಟೇಜ್ ಮಾತ್ರ ಇಳಿಯುತ್ತಿದೆಯೇ? ಎಂಜಿನ್ ಆಫ್ ಇದ್ದಾಗ ತುಂಬಿದ ಬ್ಯಾಟರಿ ಸುಮಾರು 12.6 ತೋರಿಸಬೇಕು. ಓಡುವಾಗ ಸಾಮಾನ್ಯವಾಗಿ 13.5ರಿಂದ 14.5. ಕ್ಯಾಂಪರ್‌ನ ಫ್ರಿಜ್ 12 ವೋಲ್ಟ್‌ನಲ್ಲೂ ಗ್ಯಾಸ್‌ನಲ್ಲೂ ಓಡುವಂಥದ್ದಾದರೆ 12 ವೋಲ್ಟ್‌ನಲ್ಲಿ ಕರೆಂಟ್ ತುಂಬಾ ಜಾಸ್ತಿ ಎಳೆಯುತ್ತದೆ. ಅದನ್ನು ಆಫ್ ಮಾಡಿ ನೋಡಿ. ಕ್ಯಾಂಪರ್ ಬ್ಯಾಟರಿ ಚಾರ್ಜ್ ಆಗದಿದ್ದರೆ ಬಾನೆಟ್ ಕೆಳಗಿನ ಟ್ರೇಲರ್ ಫ್ಯೂಸ್ ಹೋಗಿರಬಹುದು. ಹೊಸ ಫ್ಯೂಸ್ ಅಷ್ಟೇ ಆಂಪಿಯರಿನದಾಗಿರಲಿ. ದೊಡ್ಡದು ಹಾಕಿದರೆ ವೈರೇ ಸುಡುತ್ತದೆ.

ಟ್ರಕ್ಕಿನಿಂದ ಕ್ಯಾಂಪರ್‌ನ ಬ್ರೇಕ್ ನಡೆಸುವ ಬ್ರೇಕ್ ಕಂಟ್ರೋಲರ್ ಶಾರ್ಟ್ ಎಂದು ತೋರಿಸಿದರೆ ಆ್ಯಕ್ಸಲ್ ಬಳಿ ವೈರ್ ಉಜ್ಜಿ ಸಿಪ್ಪೆ ಹೋಗಿದೆಯೇ ನೋಡಿ. ಇದು ಸರಿಯಾಗುವವರೆಗೆ ಗಾಡಿ ಎಳೆಯಬೇಡಿ.

ಆದರೆ ಟೆಂಪರೇಚರ್ ಮುಳ್ಳು ಏರುಹಾದಿಯಲ್ಲಿ ನಿಧಾನಕ್ಕೆ ಮೇಲೇರಿದರೆ ಅದನ್ನು ವೈರಿಂಗ್ ದೋಷ ಎಂದು ತಳ್ಳಿಹಾಕಬೇಡಿ. ಕ್ಯಾಲಿಫೋರ್ನಿಯಾದ ಬೇಕರ್‌ನಿಂದ ಲಾಸ್ ವೇಗಾಸ್ ಕಡೆ ಏರುವ ಐ-15 ರಸ್ತೆಯಲ್ಲಿ ಎಸಿ ಆಫ್ ಮಾಡಿ ಎಂಬ ಬೋರ್ಡ್ ಸುಮ್ನೆ ಹಾಕಿಲ್ಲ, ಅಲ್ವಾ? ಎಷ್ಟೋ ಟ್ರಕ್ಕುಗಳಲ್ಲಿ ಈ ಮುಳ್ಳು ಒಂದಷ್ಟು ಬಿಸಿ ಏರಿದರೂ ನಡುವಿನಲ್ಲೇ ನಿಂತಿರುತ್ತದೆ. ಅದು ಕದಲುವ ಹೊತ್ತಿಗೆ ಎಂಜಿನ್ ಚೆನ್ನಾಗಿಯೇ ಕಾದಿರುತ್ತದೆ. 1996ರ ನಂತರ ಅಮೆರಿಕದಲ್ಲಿ ಮಾರಾಟವಾದ ಹೆಚ್ಚಿನ ಪಿಕಪ್‌ಗಳಲ್ಲಿ ಒಬಿಡಿ-2 (ಎಂಜಿನ್ನಿನ ಮಾಹಿತಿ ಓದುವ) ಸಾಕೆಟ್ ಇರುತ್ತದೆ. ಅದಕ್ಕೆ ಚಿಕ್ಕ ರೀಡರ್ ಚುಚ್ಚಿದರೆ ಕೂಲಂಟಿನ (ಎಂಜಿನ್ ತಣಿಸುವ ದ್ರವ) ಬಿಸಿ ಅಂಕಿಯಲ್ಲೇ ಸಿಗುತ್ತದೆ. ಅಂಕಿಯೂ ಏರುತ್ತಿದ್ದರೆ ಎಸಿ ಆರಿಸಿ, ವೇಗ ಇಳಿಸಿ, ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ. ಪೂರ್ತಿ ತಣ್ಣಗಾಗುವ ತನಕ ರೇಡಿಯೇಟರ್ ಮುಚ್ಚಳ ತೆಗೆಯಬೇಡಿ.