ಗ್ಯಾರೇಜಿನ ಎತ್ತರ: ಲೆಕ್ಕ ಬಾಗಿಲಿನಿಂದ ಶುರುವಾಗಲಿ

ಗ್ಯಾರೇಜು ಕಟ್ಟಿಸುವವರು ಉದ್ದ, ಅಗಲಗಳ ಬಗ್ಗೆ ತಿಂಗಳುಗಟ್ಟಲೆ ಚರ್ಚಿಸುತ್ತಾರೆ. ಎತ್ತರದ ಮಾತು ಬಂದಾಗ ಮಾತ್ರ ‘ಮನೆಯ ಗೋಡೆ ಎಷ್ಟಿದೆಯೋ ಅಷ್ಟೇ ಇರಲಿ’ ಎಂದು ಮೇಸ್ತ್ರಿಗೆ ಹೇಳಿ ಸುಮ್ಮನಾಗುತ್ತಾರೆ. ನಾನೂ ಹಾಗೆ ಮಾಡಿದವನೇ. 7 ಅಡಿಯ ಬಾಗಿಲು ಧಾರಾಳವಾಯಿತು ಎಂದುಕೊಂಡಿದ್ದೆ. ಕಾರು ಸಲೀಸಾಗಿ ಒಳಗೆ ಹೋಯಿತು. ಸಾಮಾನು ಇಳಿಸಲು ಡಿಕ್ಕಿಯ ಬಾಗಿಲನ್ನು ಎತ್ತಿದೆ ನೋಡಿ, ತಲೆಯ ಮೇಲೆ ಅಡ್ಡಲಾಗಿ ಮಲಗಿದ್ದ ಗ್ಯಾರೇಜಿನ ಬಾಗಿಲಿಗೆ ಅದು ಬಡಿದು ಎರಡಕ್ಕೂ ಗಾಯವಾಯಿತು. ಆಮೇಲೆ ಅಳತೆಪಟ್ಟಿ ಹಿಡಿದು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಗೋಡೆಯ ಎತ್ತರವನ್ನು ಮೊದಲು ನಿಗದಿ ಮಾಡಿದರೆ ಬಾಗಿಲಿಗೆ ಉಳಿದಷ್ಟೇ ಗತಿ. ಲೆಕ್ಕ ನೆಲದಿಂದ ಮೇಲಕ್ಕೆ ಏರಬೇಕು: ಮೊದಲು ವಾಹನ, ಅದಕ್ಕೆ ತಕ್ಕ ಬಾಗಿಲು, ಬಾಗಿಲು ಮಡಚಿಕೊಳ್ಳಲು ಬೇಕಾದ ಜಾಗ, ಎಲ್ಲಕ್ಕೂ ಕೊನೆಗೆ ಛಾವಣಿ.

ಮೊದಲ ಹೆಜ್ಜೆ: ವಾಹನದ ನಿಜವಾದ ಎತ್ತರ

ಸಾಮಾನ್ಯ ಸೆಡಾನ್ ಕಾರು ಸುಮಾರು 1.5 ಮೀಟರ್ ಎತ್ತರವಿರುತ್ತದೆ. ಎಸ್‌ಯುವಿಗಳು 1.7ರಿಂದ 1.9 ಮೀಟರ್. ಎತ್ತರದ ಛಾವಣಿಯ ವ್ಯಾನುಗಳು ಎರಡೂವರೆ ಮೀಟರನ್ನೂ ದಾಟುತ್ತವೆ. ಕೈಪಿಡಿಯಲ್ಲಿ ಮುದ್ರಿಸಿದ ಅಂಕಿಯಲ್ಲಿ ಮೇಲಿನ ಕ್ಯಾರಿಯರ್, ಆಂಟೆನಾ ಸೇರಿವೆಯೇ ಎಂದು ನೋಡಿ. ಕ್ಯಾರಿಯರ್ ಮೇಲೆ ಸಾಮಾನಿನ ಪೆಟ್ಟಿಗೆ ಕೂರಿಸುವವರು, ಸೈಕಲ್ಲನ್ನು ನೆಟ್ಟಗೆ ನಿಲ್ಲಿಸಿ ಕಟ್ಟುವವರು ಅದನ್ನೂ ಸೇರಿಸಿಯೇ ಅಳೆಯಬೇಕು. ಅಳೆಯುವಾಗ ವಾಹನ ಖಾಲಿಯಾಗಿರಲಿ, ಚಕ್ರಗಳಲ್ಲಿ ಗಾಳಿ ಸರಿಯಾಗಿರಲಿ. ಜನ, ಸಾಮಾನು ತುಂಬಿದ ಗಾಡಿ ಸ್ಪ್ರಿಂಗಿನ ಮೇಲೆ ಕುಸಿದು ಗಿಡ್ಡವಾಗುತ್ತದೆ. ಎಲ್ಲ ಇಳಿಸಿದ ಮೇಲೆ ಮತ್ತೆ ಎದ್ದು ನಿಲ್ಲುತ್ತದೆ.

ಬಂದ ಅಂಕಿಗೆ ಕನಿಷ್ಠ 6 ಇಂಚು ಸೇರಿಸಿ. ಅದು ತೆರಪಿನ, ಅಂದರೆ ಬಾಗಿಲಿಗಾಗಿ ಗೋಡೆಯಲ್ಲಿ ಬಿಡುವ ಖಾಲಿ ಜಾಗದ, ಎತ್ತರದ ಕೆಳಮಿತಿ. ಇಂದಿನ ಕಾರನ್ನಷ್ಟೇ ನೆಚ್ಚಿಕೊಳ್ಳಬೇಡಿ. ಗ್ಯಾರೇಜು ನಾಲ್ಕೈದು ಕಾರುಗಳ ಆಯುಸ್ಸನ್ನು ಮೀರಿ ಉಳಿಯುತ್ತದೆ, ಕಾರುಗಳೋ ವರ್ಷದಿಂದ ವರ್ಷಕ್ಕೆ ಎತ್ತರವಾಗುತ್ತಲೇ ಇವೆ. ಸಿದ್ಧ ಬಾಗಿಲುಗಳು ಸಾಮಾನ್ಯವಾಗಿ 7 ಮತ್ತು 8 ಅಡಿಯ ಎತ್ತರದಲ್ಲಿ ಸಿಗುತ್ತವೆ. ನನ್ನನ್ನು ಕೇಳಿದರೆ, ಬರೀ ಸೆಡಾನ್ ಇದ್ದವರೂ 8 ಅಡಿಯದನ್ನೇ ಹಾಕಿಸಬೇಕು. ಎತ್ತರದ ವ್ಯಾನಿಗೆ 10 ಅಡಿ ಬೇಕು. ಮಲಗುವ ಕೋಣೆ, ಅಡುಗೆ ಕಟ್ಟೆ ಎಲ್ಲವನ್ನೂ ಹೊತ್ತ ದೊಡ್ಡ ಪ್ರವಾಸಿ ವಾಹನವಿದ್ದರೆ 12ರಿಂದ 14 ಅಡಿ.

ಎರಡನೆಯದು: ನೆಲ ಎಲ್ಲಿಂದ ಶುರುವಾಗುತ್ತದೆ?

ಪ್ರಶ್ನೆ ತಮಾಷೆಯಾಗಿ ಕಂಡರೂ ಹೆಚ್ಚಿನ ತಪ್ಪುಗಳು ಹುಟ್ಟುವುದು ಇಲ್ಲೇ. ಗೋಡೆ ಕಟ್ಟುವಾಗ ನೆಲಕ್ಕೆ ಕಾಂಕ್ರೀಟ್ ಬಿದ್ದಿರುವುದಿಲ್ಲ. ಮೇಸ್ತ್ರಿ ತಳಪಾಯದ ಮೇಲಿನಿಂದ ಅಳೆಯುತ್ತಾರೆ, ಬಾಗಿಲು ಕೂರಿಸುವವರು ಮುಗಿದ ನೆಲದಿಂದ ಅಳೆಯುತ್ತಾರೆ. ನಡುವಿನ ಎರಡು ಮೂರು ಇಂಚು ಎಲ್ಲಿ ಹೋಯಿತೆಂದು ಆಮೇಲೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಆದ್ದರಿಂದ ಮುಗಿದ ನೆಲದ ಮಟ್ಟವನ್ನು ಮೊದಲೇ ಗೋಡೆಯ ಮೇಲೆ ಗೆರೆ ಹಾಕಿಸಿ, ಎಲ್ಲ ಎತ್ತರಗಳನ್ನೂ ಆ ಗೆರೆಯಿಂದಲೇ ಎಣಿಸಿ.

ನೆಲಕ್ಕೆ ಬಾಗಿಲಿನ ಕಡೆಗೆ ವಾಟ ಬೇಕು, ಇಲ್ಲದಿದ್ದರೆ ಮಳೆಯಲ್ಲಿ ನೆನೆದು ಬಂದ ಗಾಡಿಯ ನೀರು ಹಿಂಗೋಡೆಯ ಬುಡದಲ್ಲಿ ನಿಲ್ಲುತ್ತದೆ. 100ಕ್ಕೆ 1ರ ವಾಟವಿಟ್ಟರೆ 6 ಮೀಟರ್ ಆಳದ ಗ್ಯಾರೇಜಿನಲ್ಲಿ ಬಾಗಿಲ ಬಳಿಯ ನೆಲ ಹಿಂಬದಿಗಿಂತ 6 ಸೆಂಟಿಮೀಟರ್ ತಗ್ಗಿರುತ್ತದೆ. ಬಾಗಿಲಿನ ಎತ್ತರವನ್ನು ಬಾಗಿಲಿನ ಬಳಿಯೇ ಅಳೆಯಿರಿ. ವಾಹನವನ್ನು ಮೇಲೆತ್ತುವ ಲಿಫ್ಟ್ ಬರುವುದಾದರೆ ಅದು ನಿಲ್ಲುವ ಜಾಗದಲ್ಲಿ ಬೇರೆಯಾಗಿ ಅಳೆಯಿರಿ.

ರಸ್ತೆಯಿಂದ ಗ್ಯಾರೇಜಿಗೆ ಇಳಿಜಾರಿನಲ್ಲಿ ಇಳಿಯಬೇಕಾದ ನಿವೇಶನಗಳಲ್ಲಿ ಇನ್ನೊಂದು ಮೋಸವಿದೆ. ಮುಂದಿನ ಚಕ್ರಗಳು ಒಳಗಿನ ಸಮತಟ್ಟು ನೆಲಕ್ಕೆ ಬಂದಾಗಲೂ ಹಿಂದಿನವು ಇನ್ನೂ ಇಳಿಜಾರಿನ ಮೇಲೆಯೇ ಇರುತ್ತವೆ. ಆಗ ವಾಹನದ ನಡುಭಾಗ ಹೊಸಿಲಿನ ಮೇಲೆ ಎತ್ತರಕ್ಕೆ ಬರುತ್ತದೆ. 6 ಮೀಟರ್ ಸಾಗಿದಾಗ 1 ಮೀಟರ್ ಇಳಿಯುವ ದಾರಿ, ಚಕ್ರಗಳ ನಡುವೆ 2.7 ಮೀಟರ್ ಅಂತರ ಎಂದುಕೊಂಡರೆ, ಗಾಡಿ ಅರ್ಧ ಒಳಗೆ ಅರ್ಧ ಹೊರಗೆ ಇರುವಾಗ ಅದರ ತಲೆ ಸುಮಾರು 11 ಸೆಂಟಿಮೀಟರ್ ಮೇಲೆದ್ದಿರುತ್ತದೆ. ಮೇಲೆ ಹೇಳಿದ 6 ಇಂಚಿನಲ್ಲಿ ಮುಕ್ಕಾಲು ಪಾಲಿನಷ್ಟು ಇಲ್ಲೇ ಕರಗಿಹೋಯಿತು. ಇಂಥ ಕಡೆ ತೆರಪನ್ನು ಅಷ್ಟೇ ಹೆಚ್ಚಿಸಿ, ಅಥವಾ ಬಾಗಿಲಿನ ಹೊರಗೆ ಒಂದು ಗಾಡಿಯುದ್ದ ಸಮತಟ್ಟು ಮಾಡಿಸಿ.

ಮೂರನೆಯದು: ತೆರೆದ ಬಾಗಿಲು ಎಲ್ಲಿ ಹೋಗಿ ಕೂರುತ್ತದೆ?

ಗೋಡೆಯ ಎತ್ತರವನ್ನು ತೀರ್ಮಾನಿಸುವುದು ಈ ಪ್ರಶ್ನೆಯೇ. ಎರಡು ಕದಗಳ ಹಳೆಯ ಮಾದರಿಯ ಬಾಗಿಲು ಹೊರಕ್ಕೆ ತೆರೆಯುವುದರಿಂದ ಮೇಲೆ ಏನನ್ನೂ ಕೇಳುವುದಿಲ್ಲ, ಹೆಚ್ಚು ಕಡಿಮೆ ಛಾವಣಿಯವರೆಗೂ ಏರಿಸಬಹುದು. ಆದರೆ ಎತ್ತರದ ಕದ ಭಾರವಾಗಿ ಕೀಲಿನಲ್ಲಿ ಜೋಲುತ್ತದೆ, ಗಾಳಿ ಬಂದರೆ ಕೈಗೆ ಸಿಗುವುದಿಲ್ಲ. ಪಕ್ಕಕ್ಕೆ ಸರಿಯುವ ಬಾಗಿಲಿಗೆ ಪಕ್ಕದ ಗೋಡೆ ಖಾಲಿ ಇದ್ದರೆ ಸಾಕು.

ರೋಲಿಂಗ್ ಶಟರ್ ಸುರುಳಿಯಾಗಿ ಸುತ್ತಿಕೊಳ್ಳುತ್ತದೆ. 7–8 ಅಡಿಯ ಶಟರಿನ ಸುರುಳಿ ಒಂದು ಅಡಿಯಿಂದ ಒಂದೂಕಾಲು ಅಡಿಯಷ್ಟು ಜಾಗ ತಿನ್ನುತ್ತದೆ. ಅದನ್ನು ಲಿಂಟಲಿನ, ಅಂದರೆ ತೆರಪಿನ ಮೇಲೆ ಗೋಡೆಯ ಭಾರ ಹೊರುವ ಅಡ್ಡ ತೊಲೆಯ, ಹಿಂದೆಯೋ ಮುಂದೆಯೋ ಕೂರಿಸಿದರೆ ತೆರಪು ಪೂರ್ತಿ ಉಳಿಯುತ್ತದೆ. ಲಿಂಟಲಿನ ಕೆಳಗೆ, ತೆರಪಿನೊಳಗೇ ಕೂರಿಸಿದರೆ 8 ಅಡಿಯ ಬಾಗಿಲು 7 ಅಡಿಗೆ ಇಳಿಯಿತೆಂದೇ ಲೆಕ್ಕ. ಎಲ್ಲಿ ಕೂರಿಸುತ್ತೀರಿ ಎಂದು ಶಟರಿನವರನ್ನು ಗೋಡೆ ಏಳುವ ಮೊದಲೇ ಕೇಳಿ.

ಅಡ್ಡ ಪಟ್ಟಿಗಳಾಗಿ ಜೋಡಿಸಿದ, ಹಳಿಯ ಮೇಲೆ ಏರಿ ಒಳಗಡೆ ಛಾವಣಿಯ ಕೆಳಗೆ ಮಲಗುವ ಸೆಕ್ಷನಲ್ ಬಾಗಿಲಿಗೆ ತೆರಪಿನ ಮೇಲ್ತುದಿಯಿಂದ ಛಾವಣಿಯ ತಳದವರೆಗೆ 12ರಿಂದ 15 ಇಂಚು ಬೇಕು. ಮೋಟಾರು ಇದ್ದರೆ ಇನ್ನೂ ಮೂರು ಇಂಚು. ಜಾಗ ಕಡಿಮೆ ಇದ್ದವರಿಗೆ ಗಿಡ್ಡ ಹಳಿಗಳೂ ಇವೆಯಾದರೂ ಹೊಸದಾಗಿ ಕಟ್ಟುವವರು ಆ ಸರ್ಕಸ್ಸಿಗೆ ಇಳಿಯುವುದೇಕೆ? ಈ ಜಾಗವನ್ನು ಅಳೆಯುವಾಗ ಛಾವಣಿಯನ್ನು ನೋಡಿದರೆ ಸಾಲದು. ಅಡ್ಡ ಬಂದ ತೊಲೆ, ನೇತಾಡುವ ದೀಪ, ಪೈಪು, ಇವುಗಳಲ್ಲಿ ಎಲ್ಲಕ್ಕಿಂತ ಕೆಳಗಿರುವುದರ ತಳದವರೆಗೆ ಅಳೆಯಬೇಕು.

ನನ್ನ ಡಿಕ್ಕಿ ಬಡಿದದ್ದು ಈ ಜಾತಿಯ ಬಾಗಿಲಿಗೇ. ತೆರೆದಾಗ ಅದು ತೆರಪಿನ ಮೇಲ್ತುದಿಗಿಂತ ಸ್ವಲ್ಪವೇ ಮೇಲೆ ಮಲಗಿರುತ್ತದೆ. 7 ಅಡಿಯೆಂದರೆ 2.13 ಮೀಟರ್, ಹಲವು ಎಸ್‌ಯುವಿಗಳ ಡಿಕ್ಕಿ ಬಾಗಿಲು ಪೂರ್ತಿ ಎದ್ದಾಗ ಅಲ್ಲಿಗೆ ಮುಟ್ಟುತ್ತದೆ. 8 ಅಡಿಯ ಬಾಗಿಲಿಗೆ ನಾನು ಹಟ ಹಿಡಿಯುವುದು ಇದಕ್ಕೇ.

ಈಗ ಕೂಡಿಸಿ

8 ಅಡಿಯ ತೆರಪು, ಅದರ ಮೇಲೆ ಮೋಟಾರು ಸೇರಿ ಒಂದೂವರೆ ಅಡಿ. ಛಾವಣಿಯ ತಳ ಒಂಬತ್ತೂವರೆ ಅಡಿಯಲ್ಲಿ ಬರಬೇಕು. 10 ಅಡಿ ಮಾಡಿದರೆ ದೀಪಕ್ಕೂ ಹಿಂಬದಿಯ ಪುಟ್ಟ ಅಟ್ಟಕ್ಕೂ ಜಾಗ. ಇಟ್ಟಿಗೆಯ ಬದಲು 8 ಇಂಚು ಎತ್ತರದ ಬ್ಲಾಕ್ ಬಳಸುವವರಿಗೆ ಇದರಲ್ಲಿ ಇನ್ನೊಂದು ಅನುಕೂಲವಿದೆ: ಗಾರೆಯೂ ಸೇರಿ 8 ಅಡಿಗೆ ಸರಿಯಾಗಿ 12 ಸಾಲು, 10 ಅಡಿಗೆ 15 ಸಾಲು. 7 ಅಡಿಗೆ ಹತ್ತೂವರೆ ಸಾಲು ಬರುತ್ತದೆ, ಸಾಲಿಡೀ ಬ್ಲಾಕ್ ಕತ್ತರಿಸುತ್ತಾ ಕೂರಬೇಕು.

ಲಿಂಟಲಿನ ದಪ್ಪವನ್ನು ಮತ್ತೆ ಇದಕ್ಕೆ ಕೂಡಿಸುವ ತಪ್ಪು ಮಾಡಬೇಡಿ. ಬಾಗಿಲಿನ ಹಳಿ ಲಿಂಟಲಿನ ಹಿಂದೆಯೇ ಇರುವುದರಿಂದ ಎರಡರಲ್ಲಿ ದೊಡ್ಡದನ್ನು ಹಿಡಿದರೆ ಸಾಕು. 9 ಅಡಿ ಅಗಲದ ಒಂಟಿ ಬಾಗಿಲಿಗೆ ಲಿಂಟಲ್ ಗಮನಕ್ಕೇ ಬರುವುದಿಲ್ಲ. ಎರಡು ಕಾರುಗಳ 16 ಅಡಿಯ ಬಾಗಿಲಾದರೆ ಕಾಂಕ್ರೀಟ್ ತೊಲೆಯೇ ಒಂದು ಅಡಿಗಿಂತ ದಪ್ಪವಾಗುತ್ತದೆ. ಅದರ ಅಳತೆ, ಕಬ್ಬಿಣ ಎರಡನ್ನೂ ಎಂಜಿನಿಯರ್ ಬರೆದುಕೊಡಲಿ.

ಲಿಫ್ಟ್ ಹಾಕಿಸುವ ಆಸೆ ಇದ್ದವರ ಲೆಕ್ಕವೇ ಬೇರೆ. ಒಂದರ ಮೇಲೊಂದು ಎರಡು ಸೆಡಾನ್ ನಿಲ್ಲಿಸಲು ಎರಡು ಕಾರಿನ 3 ಮೀಟರ್, ನಡುವಿನ ಹಲಗೆ ಮತ್ತು ಸಂದು ಸೇರಿ ಸುಮಾರು 11 ಅಡಿ ಬೇಕಾಗುತ್ತದೆ. ಕಾರಿನ ಅಡಿಯಲ್ಲಿ ನೆಟ್ಟಗೆ ನಿಂತು ಕೆಲಸ ಮಾಡುವವರಿಗೆ 12 ಅಡಿ. ಇಲ್ಲಿ ಬಾಗಿಲಿನ ಎತ್ತರ ಹೆಚ್ಚಿಸಬೇಕಾಗಿಲ್ಲ, ಹಳಿಯನ್ನು ಬದಲಿಸಬೇಕು: ಬಾಗಿಲು ಗೋಡೆಗೆ ಅಂಟಿಕೊಂಡೇ ಛಾವಣಿಯ ಹತ್ತಿರದವರೆಗೆ ಏರಿ ಆಮೇಲೆ ಒಳಕ್ಕೆ ತಿರುಗುವ ಹಳಿ, ಪಕ್ಕದ ಗೋಡೆಯ ಮೇಲೆ ಕೂರುವ ಮೋಟಾರು. ಮಾಮೂಲಿ ಹಳಿ ಹಾಕಿಸಿದರೆ ಮೇಲೆತ್ತಿದ ಕಾರಿಗೂ ತೆರೆದ ಬಾಗಿಲಿಗೂ ಒಂದೇ ಜಾಗಕ್ಕಾಗಿ ಜಗಳ.

ಒಂದೆರಡು ಅಡಿ ಹೆಚ್ಚು ಗೋಡೆಗೆ ಹೆದರಬೇಕಾಗಿಲ್ಲ. ತಳಪಾಯದ ಉದ್ದ, ಛಾವಣಿಯ ವಿಸ್ತಾರ ಎರಡೂ ಬದಲಾಗುವುದಿಲ್ಲ, ಏರುವುದು ಕೆಲವು ಸಾಲು ಬ್ಲಾಕ್ ಮಾತ್ರ. ಕಟ್ಟಿ ಮುಗಿದ ಮೇಲೆ ಛಾವಣಿ ಎತ್ತುವ ಖರ್ಚು ಅದಕ್ಕೆ ಹೋಲಿಕೆಯೇ ಅಲ್ಲ. ಆದರೆ ತೆಳು ಗೋಡೆ ಎತ್ತರವಾದಷ್ಟೂ ಗಾಳಿಗೆ ದುರ್ಬಲವಾಗುವುದರಿಂದ ನಡುವೆ ಕಂಬ, ಮೇಲೆ ಸುತ್ತ ಕಾಂಕ್ರೀಟ್ ಪಟ್ಟಿ ಬೇಕಾಗಬಹುದು. ಬಾಗಿಲಿನ ಎರಡೂ ಬದಿಯ ಗೋಡೆತುಂಡುಗಳು ತೀರ ಕಿರಿದಾಗದಂತೆ ನೋಡಿಕೊಳ್ಳಿ. ಸ್ಥಳೀಯ ಆಡಳಿತ ಕಟ್ಟಡದ ಎತ್ತರಕ್ಕೆ ಮಿತಿ ಹಾಕಿದೆಯೇ, ಅದನ್ನು ಗೋಡೆಯ ತುದಿಗೆ ಅಳೆಯುತ್ತಾರೋ ಛಾವಣಿಯ ನೆತ್ತಿಗೋ ಎಂಬುದನ್ನು ನಕ್ಷೆ ಬರೆಸುವ ಮೊದಲೇ ವಿಚಾರಿಸಿ. ಪಕ್ಕದ ಓಡಾಟದ ಬಾಗಿಲು ಮಾಮೂಲಿ 7 ಅಡಿ ಇದ್ದರೆ ಸಾಕು.

ಕೊನೆಯ ಪರೀಕ್ಷೆಗೆ ಖರ್ಚಿಲ್ಲ. ಲಿಂಟಲ್ ಕೂರಿಸುವ ಹಿಂದಿನ ದಿನ, ನೆಲದ ಗೆರೆಯಿಂದ ಅಳೆದು ತೆರಪಿನ ಮೇಲ್ತುದಿಗೆ ಒಂದು ಹಗ್ಗ ಬಿಗಿಯಿರಿ, ಅದೇ ಎತ್ತರದಲ್ಲಿ ಒಳಗೆ ನಾಲ್ಕಡಿ ದೂರಕ್ಕೆ ಇನ್ನೊಂದು. ನೆಲ ಇನ್ನೂ ತಗ್ಗಿನಲ್ಲಿದ್ದರೆ ಗೆರೆಯ ಮಟ್ಟಕ್ಕೆ ಮಣ್ಣು ತುಂಬಿ ಹಲಗೆ ಹಾಸಿ. ಕ್ಯಾರಿಯರ್ ಸಮೇತ ಗಾಡಿಯನ್ನು ನಿಧಾನವಾಗಿ ಒಳಗೆ ತನ್ನಿ, ಡಿಕ್ಕಿಯನ್ನು ಪೂರ್ತಿ ಎತ್ತಿ. ಹಗ್ಗ ಅಲುಗಿದರೆ ಮೇಸ್ತ್ರಿಯನ್ನು ಕರೆದು ಇನ್ನೊಂದು ಸಾಲು ಬ್ಲಾಕ್ ಇಡಿಸಿ.